ನಮ್ಮ ಬಾಗಿಲಲ್ಲಿ ತೂಗುವ ಕಾಣದ ಫಲಕ



ಚಿಕ್ಕಲಸಂದ್ರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಫಲಕದ ಪರಿಚಯವಿರುತ್ತದೆ. ಪದ್ಮನಾಭನಗರವನ್ನು ದಾಟಿ ಉತ್ತರಹಳ್ಳಿಯ ಕಡೆಗೆ ಸಾಗುವ ರಸ್ತೆಯ ಎಡಬಲದ ಬಡಾವಣೆಗಳಲ್ಲಿ ಅಲ್ಲೊಂದು ಇಲ್ಲೊಂದು ಗೇಟಿನ ಮೇಲೆ ಅದು ತೂಗುತ್ತಿರುತ್ತದೆ: ‘ಮನೆ ಬಾಡಿಗೆಗೆ ಇದೆ; ಸಸ್ಯಾಹಾರಿಗಳಿಗೆ ಮಾತ್ರ.’ ಬರೆಸಿದವರಿಗೆ ಅದು ಅಡುಗೆಮನೆಯ ವಿಷಯವಿರಬಹುದು. ಆದರೆ ಆ ಒಂದು ಮಾತಿನ ಹಿಂದೆ ಜಾತಿ, ಮತ, ಊರು, ಕೇರಿ ಎಲ್ಲವೂ ಅಡಗಿ ಕುಳಿತಿರಬಲ್ಲವು ಎಂಬುದನ್ನು ಬಾಗಿಲಿಂದ ಬಾಗಿಲಿಗೆ ಅಲೆದು ಬಂದವರು ಬಲ್ಲರು.

ನನಗೆ ಪರಿಚಯವಿದ್ದ ನಮ್ಮದೇ ಕುಟುಂಬವೊಂದು ಕೆಲವು ವರ್ಷಗಳ ಹಿಂದೆ ಈ ಅಲೆದಾಟವನ್ನು ಅನುಭವಿಸಿತು. ಪತಿ ಖಾಸಗಿ ಕಂಪನಿಯಲ್ಲಿ ಲೆಕ್ಕಿಗರು, ಪತ್ನಿ ದಾದಿ, ಇಬ್ಬರು ಮಕ್ಕಳು. ಆರು ಭಾನುವಾರ ಹುಡುಕಿದರು. ಒಂದು ಕಡೆ ಮುಂಗಡ ಹಣದ ಮಾತೂ ಮುಗಿದಿತ್ತು. ಹೆಸರು ಕೇಳಿದ ಮೇಲೆ ಮಾಲೀಕರ ಮುಖ ಬದಲಾಯಿತು. “ನಿಮಗೊಂದು ಮನೆ ಕೊಟ್ಟರೆ ನಾಳೆ ನಿಮ್ಮ ಜನವೆಲ್ಲ ಬರುತ್ತಾರೆ. ಆಮೇಲೆ ನಮಗೆ ಇಲ್ಲಿ ಜಾಗ ಎಲ್ಲಿ?” ಎಂದರಂತೆ. ಅದನ್ನು ನನ್ನೆದುರು ಹೇಳುವಾಗ ಆ ಗೃಹಸ್ಥರ ಕಣ್ಣು ತುಂಬಿ ಬಂದಿತ್ತು. ಕೊನೆಗೆ ಅದೇ ಚಿಕ್ಕಲಸಂದ್ರದಲ್ಲಿ ಅವರಿಗೆ ಮನೆ ಕೊಟ್ಟವರು, ಕೊರಳಲ್ಲಿ ತುಳಸಿಮಾಲೆ ಧರಿಸಿದ್ದ ಒಬ್ಬ ನಿವೃತ್ತ ಅಧ್ಯಾಪಕರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಮಕ್ಕಳು ಯಾವ ತರಗತಿ?” ಆ ಮನೆಯನ್ನು ಆಶೀರ್ವದಿಸಲು ನಾನೇ ಹೋಗಿದ್ದೆ.

ಇದಾಗಿ ಕೆಲವು ತಿಂಗಳ ನಂತರ ಧರ್ಮಕೇಂದ್ರದ ಪಾಲನಾ ಸಮಿತಿ ಸಭೆ ಸೇರಿತು. ಆ ಗೃಹಸ್ಥರೂ ಅದರ ಸದಸ್ಯರು. ಅಂದು ನಮ್ಮ ಮುಂದೆ ಒಂದು ಸಣ್ಣ ಬೇಡಿಕೆ ಇತ್ತು. ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸಕ್ಕಿರುವ ಹೆಣ್ಣುಮಕ್ಕಳು, ಕಾವಲು ಕಾಯುವ ಯುವಕರು, ಜಾರ್ಖಂಡಿನಿಂದಲೂ ಒಡಿಶಾದಿಂದಲೂ ಬಂದ ನಮ್ಮ ಕಥೋಲಿಕ ಮಕ್ಕಳು ತಿಂಗಳಿಗೊಮ್ಮೆ ತಮಗೆ ಅರ್ಥವಾಗುವ ಹಿಂದಿಯಲ್ಲಿ ಒಂದು ಬಲಿಪೂಜೆ ಬೇಕೆಂದು ಕೇಳಿದ್ದರು. ಸಭೆಯಲ್ಲಿ ಆ ಗೃಹಸ್ಥರು ಎದ್ದು ನಿಂತು ಹೇಳಿದರು: “ಫಾದರ್, ಅವರಿಗೊಂದು ಪೂಜೆ ಕೊಟ್ಟರೆ ನಾಳೆ ಅವರ ಜನವೆಲ್ಲ ಬರುತ್ತಾರೆ. ಆಮೇಲೆ ನಮಗೆ ಇಲ್ಲಿ ಜಾಗ ಎಲ್ಲಿ?”

ಅದೇ ಮಾತು! ಒಂದಕ್ಷರವೂ ಬದಲಾಗಿರಲಿಲ್ಲ. ತಾನು ಯಾರ ಮಾತನ್ನು ಆಡುತ್ತಿದ್ದೇನೆ ಎಂಬುದು ಆ ಸಜ್ಜನರಿಗೆ ಹೊಳೆಯಲೇ ಇಲ್ಲ. ಸುತ್ತ ಕುಳಿತವರೆಲ್ಲ ತಲೆಯಾಡಿಸಿದರು. ನಾನೇನು ಮಾಡಿದೆ? ಆ ಸಾಮ್ಯ ನನ್ನ ಕಿವಿಗೆ ಬಿದ್ದರೂ ಬಾಯಿ ತೆರೆಯಲಿಲ್ಲ. “ಮುಂದಿನ ಸಭೆಯಲ್ಲಿ ನೋಡೋಣ” ಎಂದೆ. ಮುಂದಿನ ಸಭೆಯಲ್ಲಿ ಹಬ್ಬದ ದೀಪಾಲಂಕಾರದ ಚರ್ಚೆಯೇ ಹೊತ್ತನ್ನೆಲ್ಲ ನುಂಗಿತು.

ಪ್ರಿಯರೇ, ಈ ಲೇಖನವನ್ನು ನಾನು ಬೇರೆಯವರ ಮೇಲೆ ಕಲ್ಲೆಸೆಯಲು ಬರೆಯುತ್ತಿಲ್ಲ. ಹೊರಗಿನವರು ನಮ್ಮನ್ನು ಸೇರಿಸಿಕೊಳ್ಳುತ್ತಿಲ್ಲವೆಂದು ದೂರುವ ನಾವು, ನಮ್ಮ ದೇವಾಲಯಗಳ ಬಾಗಿಲಲ್ಲಿ ಅಂಥದ್ದೇ ಫಲಕವನ್ನು ತೂಗುಹಾಕಿದ್ದೇವೆ. ಅದು ಕಣ್ಣಿಗೆ ಕಾಣುವುದಿಲ್ಲ. ‘ಸರ್ವರಿಗೂ ಸುಸ್ವಾಗತ’ ಎಂಬ ಬಣ್ಣದ ಬರಹದ ಹಿಂದೆ ಅದು ಅಡಗಿದೆ. ಬಂದವರು ಮಾತ್ರ ಅದನ್ನು ತಪ್ಪದೆ ಓದಿಕೊಂಡು ಹಿಂದಿರುಗುತ್ತಾರೆ.

ಹೀಗೆಂದರೆ ಕೆಲವರು, “ಇದೆಲ್ಲ ಈಚಿನ ಪ್ರಗತಿಪರರ ಮಾತು, ನಮ್ಮ ಪರಂಪರೆ ಬೇರೆ” ಎನ್ನುತ್ತಾರೆ. ಹಾಗಾದರೆ ಪರಂಪರೆಯನ್ನೇ ನೋಡೋಣ. ಹೊಸ ಒಡಂಬಡಿಕೆಯಲ್ಲಿರುವ ಯಕೋಬನ ಪತ್ರದ ಎರಡನೆಯ ಅಧ್ಯಾಯವನ್ನು ತೆರೆಯಿರಿ. ಪ್ರಾರ್ಥನಾಕೂಟಕ್ಕೆ ಚಿನ್ನದ ಉಂಗುರ ತೊಟ್ಟವನೊಬ್ಬನೂ ಮಾಸಿದ ಬಟ್ಟೆಯವನೊಬ್ಬನೂ ಬಂದಾಗ ಮೊದಲನೆಯವನಿಗೆ ಒಳ್ಳೆಯ ಆಸನ, ಎರಡನೆಯವನಿಗೆ ನೆಲ ಎಂದು ಭೇದ ಮಾಡುವವರನ್ನು ಅಲ್ಲಿ ಕಟುವಾಗಿ ಖಂಡಿಸಲಾಗಿದೆ. ಧರ್ಮಸಭೆ ಹುಟ್ಟಿದ ಮೊದಲ ತಲೆಮಾರಿನಲ್ಲಿಯೇ ಈ ರೋಗ ಕಾಣಿಸಿಕೊಂಡಿತ್ತು ಎಂದಾಯಿತು. ಅದಕ್ಕೆ ಮದ್ದನ್ನೂ ಆ ತಲೆಮಾರೇ ಅರೆಯಿತು.

ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯದಲ್ಲಿ ಪೇತ್ರನು ರೋಮನ್ ಸೈನ್ಯದ ಶತಾಧಿಪತಿ ಕೊರ್ನೇಲಿಯನ ಹೊಸ್ತಿಲನ್ನು ದಾಟುತ್ತಾನೆ. ಅದಕ್ಕೆ ಮುಂಚೆ ದೇವರು ಅವನಿಗೆ ಕೊಟ್ಟ ದರ್ಶನ ಯಾವುದರದು ಬಲ್ಲಿರಾ? ಊಟದ್ದು! ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಲೆಕ್ಕಾಚಾರದಲ್ಲಿಯೇ ಮುಳುಗಿದ್ದ ಆ ಮೀನುಗಾರನಿಗೆ, ಇದು ತಟ್ಟೆಯ ಪ್ರಶ್ನೆಯಲ್ಲ, ಮನುಷ್ಯನ ಪ್ರಶ್ನೆ ಎಂದು ಅರಿವಾಗಲು ಮೂರು ಬಾರಿ ಹೇಳಬೇಕಾಯಿತು. ಹದಿನೈದನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಹಿರಿಯರು ಒಟ್ಟಾಗಿ ಕುಳಿತು, ವಾದಿಸಿ, ಅನ್ಯಜನರಿಗೆ ಸುನ್ನತಿಯ ಹೊರೆಯನ್ನು ಹೊರಿಸದೆ ಬಾಗಿಲು ತೆರೆದರು. ಅವರು ಹಾಗೆ ಮಾಡದೆ ಇದ್ದಿದ್ದರೆ ಇಂದು ಬೆಂಗಳೂರಿನಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳಲು ನಾವಿರುತ್ತಿದ್ದೆವೇ? ನಾವೆಲ್ಲರೂ ಆ ತೆರೆದ ಬಾಗಿಲಿನಿಂದ ಒಳಗೆ ಬಂದವರೇ.

ಇನ್ನು ಧರ್ಮಸಭೆಯ ಕಾನೂನಿಗೆ ಬನ್ನಿ. 1983ರಲ್ಲಿ ಜಾರಿಗೆ ಬಂದ ಕಾನೂನು ಸಂಹಿತೆಯ 208ನೇ ಕಲಮು, ಸ್ನಾನದೀಕ್ಷೆ ಪಡೆದವರೆಲ್ಲರೂ ಘನತೆಯಲ್ಲಿಯೂ ಕಾರ್ಯದಲ್ಲಿಯೂ ನಿಜವಾಗಿ ಸಮಾನರು ಎನ್ನುತ್ತದೆ. 1221ನೇ ಕಲಮು, ಪೂಜಾವಿಧಿಗಳ ವೇಳೆಯಲ್ಲಿ ದೇವಾಲಯದ ಪ್ರವೇಶವು ಮುಕ್ತವೂ ಉಚಿತವೂ ಆಗಿರಬೇಕೆಂದು ವಿಧಿಸುತ್ತದೆ. ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದೆಂದು 848ನೇ ಕಲಮು ನಮ್ಮಂಥ ಗುರುಗಳನ್ನೇ ಎಚ್ಚರಿಸುತ್ತದೆ. ಚಂದಾ ಪುಸ್ತಕದ ಬಾಕಿಯನ್ನು ನೋಡಿದ ಮೇಲೆಯೇ ಪ್ರಮಾಣಪತ್ರಕ್ಕೆ ಮುದ್ರೆ ಒತ್ತುವ ಅಭ್ಯಾಸ ಎಲ್ಲಾದರೂ ಇದ್ದರೆ, ಅದು ಈ ಕಲಮಿನ ಆಶಯಕ್ಕೆ ಸಲ್ಲುವುದೇ ಎಂದು ಗುರುಗಳಾದ ನಾವು ಕೇಳಿಕೊಳ್ಳಬೇಕು. ವಲಸಿಗರ ವಿಷಯದಲ್ಲಿಯೂ ಅಷ್ಟೇ. 1952ರಲ್ಲಿ ವಿಶ್ವಗುರು ಹನ್ನೆರಡನೆಯ ಪಿಯುಸ್‌ರವರು ಹೊರಡಿಸಿದ ಶಾಸನವು, ವಲಸೆ ಬಂದವರಿಗೆ ಅವರ ಭಾಷೆಯಲ್ಲಿ ಆಧ್ಯಾತ್ಮಿಕ ಆರೈಕೆ ನೀಡುವುದು ಸ್ಥಳೀಯ ಧರ್ಮಸಭೆಯ ಕರ್ತವ್ಯವೆಂದು ಸಾರಿತು. ಹನ್ನೆರಡನೆಯ ಪಿಯುಸ್‌ರನ್ನು ಯಾರೂ ಪ್ರಗತಿಪರರೆಂದು ಕರೆದದ್ದಿಲ್ಲ! ಆದ್ದರಿಂದ, ನಮ್ಮ ಸಮಿತಿಯ ಮುಂದೆ ಬಂದ ಆ ಬೇಡಿಕೆ ಹಕ್ಕಿನ ಮಾತಾಗಿತ್ತು. ನಾವು ಅದನ್ನು ಭಿಕ್ಷೆಯೆಂದು ತಿಳಿದೆವು.

ಕನ್ನಡಿಗರಾದ ನಮಗೆ ಇದನ್ನು ಬೇರೆಯವರು ಬಂದು ಹೇಳಬೇಕಾಗಿರಲಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅದುವರೆಗೆ ನಮ್ಮ ಅಜ್ಜ ಅಜ್ಜಿಯರು ಲ್ಯಾಟಿನ್ ಪೂಜೆಯ ಮುಂದೆ ಮೊಣಕಾಲೂರಿ ಜಪಸರ ಎಣಿಸುತ್ತಿದ್ದರು. ಬಾಗಿಲು ತೆರೆದ ಮೇಲೂ ಬೆಂಗಳೂರಿನಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನಕ್ಕಾಗಿ ಕನ್ನಡ ಕಥೋಲಿಕರು ದಶಕಗಳ ಕಾಲ ಮನವಿ, ಸಭೆ, ಹೋರಾಟಗಳನ್ನು ನಡೆಸಿದರು. ‘ನಮ್ಮ ನೆಲದ ದೇವಾಲಯದಲ್ಲಿ ನಾವೇ ಪರಕೀಯರೇ?’ ಎಂದು ಕೇಳಿದ ಪೀಳಿಗೆಯ ಮಕ್ಕಳು ನಾವು. ಅರ್ಥವಾಗದ ಭಾಷೆಯ ಪೂಜೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು, ಎಲ್ಲರೂ ಎದ್ದಾಗ ಎದ್ದು, ಎಲ್ಲರೂ ಕುಳಿತಾಗ ಕುಳಿತುಕೊಳ್ಳುವ ಸಂಕಟವನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಸಂಕಟದಿಂದ ನಾವು ಕಲಿತ ಪಾಠ ‘ಇನ್ನಾರಿಗೂ ಹೀಗಾಗದಿರಲಿ’ ಎಂಬುದಾಗಬೇಕಿತ್ತು. ‘ಸಿಕ್ಕಿದ ಜಾಗವನ್ನು ಬಿಟ್ಟುಕೊಡಬಾರದು’ ಎಂಬುದು ನಾವು ಕಲಿತ ಪಾಠವಾಯಿತು. ಕನ್ನಡದ ಸ್ಥಾನವನ್ನು ನಾನೂ ಬಿಡಲೊಲ್ಲೆ. ಆದರೆ ತಿಂಗಳಿಗೊಂದು ಹಿಂದಿ ಪೂಜೆಯಿಂದ ಕನ್ನಡ ಬಡವಾಗುವುದಿಲ್ಲ. ಆ ಮಕ್ಕಳಿಗೆ ನಮ್ಮ ಯುವಕರು ಕನ್ನಡ ಕಲಿಸಿದರೆ ಕನ್ನಡ ಬೆಳೆಯುತ್ತದೆ.

ಆ ‘ಪರಕೀಯರು’ ಯಾರೆಂದು ಒಂದಿಷ್ಟು ಅರಿಯೋಣ. ಜಾರ್ಖಂಡಿನ ಛೋಟಾನಾಗಪುರಕ್ಕೆ 1885ರಲ್ಲಿ ಬಂದ ಬೆಲ್ಜಿಯಂ ದೇಶದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್‌ರವರು ಜಮೀನು ಕಳೆದುಕೊಳ್ಳುತ್ತಿದ್ದ ಮುಂಡಾ, ಉರಾಂವ್ ಮೊದಲಾದ ಆದಿವಾಸಿಗಳ ಪರವಾಗಿ ನಿಂತು, ನ್ಯಾಯಾಲಯದಲ್ಲಿ ಅವರ ಹಕ್ಕನ್ನು ಉಳಿಸಿಕೊಳ್ಳಲು ನೆರವಾದರು. ಆ ನೆಲದಲ್ಲಿ ವಿಶ್ವಾಸ ಬೇರೂರಿದ್ದು ಹಾಗೆ. ಏಷ್ಯಾದ ಆದಿವಾಸಿ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ರಾಂಚಿಯ ತೆಲೆಸ್ಫೋರ್ ಟೊಪ್ಪೊರವರು ಉರಾಂವ್ ಜನಾಂಗದವರು. ಅವರು 2003ರಲ್ಲಿ ಆ ಪದವಿಗೇರಿ, 2023ರ ಅಕ್ಟೋಬರ್ 4ರಂದು ದೈವಾಧೀನರಾದರು. ಉರಾಂವ್ ಜನರ ತಾಯ್ನುಡಿ ಕುಡುಖ್. ಅದು ದ್ರಾವಿಡ ಭಾಷೆ, ನಮ್ಮ ಕನ್ನಡದ ಒಡಹುಟ್ಟು. ನಾವು ‘ಕಣ್ಣು’ ಎನ್ನುವುದನ್ನು ಅವರು ‘ಖನ್’ ಎನ್ನುತ್ತಾರೆ. ನಮ್ಮ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಗಳು ವಿಶ್ವಾಸದಿಂದಲೂ ನಮ್ಮ ತಂಗಿ, ನುಡಿಯಿಂದಲೂ ನಮ್ಮ ತಂಗಿ. ನಮಗೆ ಮಾತ್ರ ಕಣ್ಣಿರಲಿಲ್ಲ.

ಕಾಣದ ಆ ಫಲಕದ ಮೇಲೆ ಭಾಷೆಯೊಂದೇ ಬರೆದಿಲ್ಲ. ಇನ್ನೂ ಕೆಲವು ಸಾಲುಗಳಿವೆ. ಓದಲು ಕಹಿಯಾದರೂ ಓದೋಣ.

ಮೊದಲನೆಯದು ಜಾತಿ. ಹೆಣ್ಣು ಗಂಡಿನ ಮಾತು ಬಂದಾಗ “ಅವರು ಯಾವ ಪೈಕಿ?” ಎಂದು ದನಿ ತಗ್ಗಿಸಿ ಕೇಳುವ ಕ್ರೈಸ್ತರು ನಮ್ಮಲ್ಲಿ ಇಲ್ಲವೇ? ದಕ್ಷಿಣ ಭಾರತದ ಕೆಲವೆಡೆ ಸಮಾಧಿಭೂಮಿಗೂ ಜಾತಿಯ ಗೋಡೆ ಎದ್ದದ್ದುಂಟು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆಯ ಆಚರಣೆ ಇರುವುದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. 2022ರ ಆಗಸ್ಟ್ 27ರಂದು ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಆಂಥೊನಿ ಪೂಲರವರು ಕಾರ್ಡಿನಲ್ ಆದಾಗ, ದಲಿತ ಸಮುದಾಯದಿಂದ ಆ ಸ್ಥಾನಕ್ಕೇರಿದ ಮೊದಲಿಗರೆಂದು ನಾವೆಲ್ಲ ಹರ್ಷಿಸಿದೆವು. ಹರ್ಷ ಸರಿಯೇ. ಆದರೆ ಮೊದಲಿಗರು ಬರಲು 2022ರ ತನಕ ಕಾಯಬೇಕಾಯಿತಲ್ಲ ಎಂಬ ನಾಚಿಕೆಯೂ ಅದರೊಡನೆ ಇರಬೇಕು. ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸವಲತ್ತು ದೊರೆಯುತ್ತಿಲ್ಲವೆಂದು ನಾವು ಸರ್ಕಾರದ ಮುಂದೆ ಹೋರಾಡುತ್ತೇವೆ. ನ್ಯಾಯವಾದ ಹೋರಾಟ. ಅದನ್ನು ಮುಗಿಸಿ ಮನೆಗೆ ಬಂದು ‘ಯಾವ ಪೈಕಿ’ ಎಂದು ಕೇಳಿದರೆ ಆ ಹೋರಾಟಕ್ಕೆ ಯಾವ ಬೆಲೆ?

ಎರಡನೆಯದು, ಮುರಿದ ಮದುವೆ. ಗಂಡ ಬಿಟ್ಟು ಹೋದ ಹೆಂಗಸು ಭಾನುವಾರ ದೇವಾಲಯಕ್ಕೆ ಬಂದರೆ ಆಕೆಯ ಬೆನ್ನನ್ನು ಎಷ್ಟು ಕಣ್ಣುಗಳು ಚುಚ್ಚುತ್ತವೆ! ವಿಚ್ಛೇದನ ಪಡೆದು ಮರುಮದುವೆಯಾದವರು ಕೂಡ ಧರ್ಮಸಭೆಯಿಂದ ಬಹಿಷ್ಕೃತರಲ್ಲ, ಅವರನ್ನು ಹಾಗೆ ನಡೆಸಿಕೊಳ್ಳಲೂಬಾರದು ಎಂದು ವಿಶ್ವಗುರು ಫ್ರಾನ್ಸಿಸ್‌ರವರು 2015ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದರು. ಅದೇ ತಿಂಗಳು ವಿವಾಹದ ಅಸಿಂಧುತ್ವವನ್ನು ವಿಚಾರಿಸುವ ಕ್ರಮವನ್ನೂ ಅವರು ಸರಳಗೊಳಿಸಿದರು. ಇದನ್ನು ತಿಳಿಯದೆ, ನೆರೆಯವರ ಮಾತಿಗೆ ಹೆದರಿ ದೂರವೇ ಉಳಿದಿರುವ ಕುಟುಂಬಗಳು ನಮ್ಮ ನಡುವೆ ಇವೆ. ಅವರಿಗೆ ತಿಳಿಸಬೇಕಾದವರು ನಾವು ಗುರುಗಳು.

ಮೂರನೆಯದು, ತಮ್ಮ ಕೈಯಿಂದಲೇ ಪ್ರಾಣ ಕಳೆದುಕೊಂಡವರ ಮನೆ. 1917ರ ಹಳೆಯ ಸಂಹಿತೆಯು ಬೇಕೆಂದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥವು ಮನೋವ್ಯಾಧಿ, ಭಯ, ಯಾತನೆಗಳು ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತವೆಯೆಂದು ಬೋಧಿಸಿ, ಅಂಥವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎನ್ನುತ್ತದೆ. ನಿಮ್ಹಾನ್ಸ್ ಇರುವ ಊರು ನಮ್ಮದು. ಮನಸ್ಸಿಗೂ ಕಾಯಿಲೆ ಬರುತ್ತದೆಂದು ತಿಳಿಯದ ಕಾಲವಲ್ಲ ಇದು. ಆದರೂ ಅಂಥ ಸಾವಿನ ಮನೆಯಲ್ಲಿ ಪಿಸುಮಾತು ನಿಂತಿಲ್ಲ, ‘ಗಂಟೆ ಹೊಡೆಯಬಹುದೇ’ ಎಂಬ ಅನುಮಾನವೂ ಹೋಗಿಲ್ಲ. ಕಾನೂನು ಕೈಬಿಟ್ಟದ್ದನ್ನು ನಮ್ಮ ನಾಲಿಗೆ ಹಿಡಿದುಕೊಂಡಿದೆ.

ನಾಲ್ಕನೆಯದನ್ನು ನಮ್ಮ ಪತ್ರಿಕೆಗಳಲ್ಲಿ ಬರೆಯುವವರು ಕಡಿಮೆ. ದೇಹ ಮನಸ್ಸುಗಳ ಪ್ರವೃತ್ತಿಯಲ್ಲಿ ಬಹುಜನರಂತಲ್ಲದ ಮಕ್ಕಳು ನಮ್ಮ ಮನೆಗಳಲ್ಲಿಯೂ ಹುಟ್ಟುತ್ತಾರೆ. ಸಲಿಂಗಾಕರ್ಷಣೆಯುಳ್ಳವರನ್ನು ಗೌರವ, ಕರುಣೆ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕು, ಅವರ ವಿಷಯದಲ್ಲಿ ಅನ್ಯಾಯದ ಭೇದಭಾವ ಕೂಡದು ಎಂದು ಅದೇ 1992ರ ಧರ್ಮೋಪದೇಶ ಗ್ರಂಥದ 2358ನೇ ಪರಿಚ್ಛೇದ ಹೇಳುತ್ತದೆ. ಲಿಂಗಪರಿವರ್ತಿತರು ಅಪವಾದಕ್ಕೆಡೆಯಿಲ್ಲದ ಸಂದರ್ಭದಲ್ಲಿ ಸ್ನಾನದೀಕ್ಷೆ ಪಡೆಯಬಹುದೆಂದು 2023ರ ನವೆಂಬರ್‌ನಲ್ಲಿ ವ್ಯಾಟಿಕನ್ ಪ್ರಕಟಿಸಿದ ಉತ್ತರ ತಿಳಿಸಿತು. ಅದೇ ವರ್ಷದ ಡಿಸೆಂಬರ್ 18ರ ಘೋಷಣೆಯು, ವಿವಾಹದ ಬೋಧನೆಯನ್ನು ಕಿಂಚಿತ್ತೂ ಬದಲಿಸದೆ, ಆಶೀರ್ವಾದ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಡಿರೆಂದು ಗುರುಗಳಿಗೆ ತಿಳಿಹೇಳಿತು. ಅತ್ತ ನಮ್ಮ ರಾಜ್ಯ ಸರ್ಕಾರ 2021ರಲ್ಲಿಯೇ ಸರ್ಕಾರಿ ನೌಕರಿಗಳಲ್ಲಿ ತೃತೀಯಲಿಂಗಿಗಳಿಗೆ ಶೇಕಡಾ 1ರಷ್ಟು ಮೀಸಲು ಇಟ್ಟಿತು. ಬನಶಂಕರಿಯ ಸಿಗ್ನಲಿನಲ್ಲಿ ಕೈಚಾಚುವವರಿಗೆ ಸರ್ಕಾರದ ಕಚೇರಿಯಲ್ಲಿ ಕುರ್ಚಿ ಸಿಗಬಹುದಾದರೆ, ನಮ್ಮ ಬೆಂಚಿನಲ್ಲಿ ಅವರ ಪಕ್ಕ ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆಯೇ? ಉತ್ತರ ನನಗೂ ಸುಲಭವಾಗಿಲ್ಲ. ಆದರೆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರೆ.

ಈಗ ಆಕ್ಷೇಪಗಳಿಗೆ ಬರೋಣ. ಅವುಗಳಲ್ಲಿ ತೂಕವಿಲ್ಲವೆಂದು ನಾನು ಹೇಳುವುದಿಲ್ಲ.

“ಎಲ್ಲರನ್ನೂ ಸ್ವಾಗತಿಸಿದರೆ ಪಾಪವನ್ನೇ ಒಪ್ಪಿಕೊಂಡಂತಾಗುವುದಿಲ್ಲವೇ?” ಇದು ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಜಕ್ಕಾಯನ ಮನೆಯಲ್ಲಿ ಉತ್ತರವಿದೆ. ಸುಂಕದವನಾದ ಜಕ್ಕಾಯ ಮರ ಹತ್ತಿ ಕುಳಿತಿದ್ದಾಗ ಯೇಸುಸ್ವಾಮಿ, ‘ಮೊದಲು ನಿನ್ನ ಲೆಕ್ಕವನ್ನು ಚುಕ್ತಾ ಮಾಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ’ ಎನ್ನಲಿಲ್ಲ. ಮೊದಲು ಊಟಕ್ಕೆ ಹೋದರು. ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವ ಮಾತು, ಮೋಸಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಮಾತು ಆಮೇಲೆ ಹುಟ್ಟಿದವು. ಪಶ್ಚಾತ್ತಾಪ ಬೇಡವೆಂದು ನಾನು ಹೇಳುತ್ತಿಲ್ಲ. ಪಶ್ಚಾತ್ತಾಪ ಸ್ವಾಗತದ ಫಲ, ಅದರ ಬೆಲೆಯಲ್ಲ ಎನ್ನುತ್ತಿದ್ದೇನೆ. ಮೇಲಾಗಿ, ನಾವು ತಡೆಯುವ ಪಾಪಗಳ ಪಟ್ಟಿಯನ್ನು ಗಮನಿಸಿರಿ. ಕೂಲಿ ಕಡಿಮೆ ಕೊಡುವವರು, ವರದಕ್ಷಿಣೆ ಕೇಳಿದವರು, ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟವರು ಮುಂದಿನ ಬೆಂಚಿನಲ್ಲಿ ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ನಮ್ಮ ಜರಡಿಯ ರಂಧ್ರಗಳು ಬಡವರನ್ನೂ ಒಂಟಿಗರನ್ನೂ ಮಾತ್ರ ಹಿಡಿಯುವಂತಿವೆ. ಕಳೆ ಗೋಧಿಗಳನ್ನು ಸುಗ್ಗಿಯ ತನಕ ಒಟ್ಟಿಗೆ ಬೆಳೆಯಲು ಬಿಡಿರೆಂದು ಹೇಳಿದವರು ಹೊಲದ ಒಡೆಯರು. ಕೀಳಲು ಆತುರಪಟ್ಟವರು ಆಳುಗಳು.

“ಕಾಲ ಕೆಟ್ಟಿದೆ, ಗುರುತಿಲ್ಲದವರನ್ನು ಸೇರಿಸಿಕೊಂಡರೆ ಅಪಾಯ” ಎನ್ನುವವರಿದ್ದಾರೆ. ಈ ಭಯ ಸುಳ್ಳಲ್ಲ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿಯೂ ಸುತ್ತಮುತ್ತಲಿನ ಊರುಗಳಲ್ಲಿಯೂ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಆರಾಧನಾ ಮಠವೊಂದರಲ್ಲಿ ಪೂಜ್ಯ ಪ್ರಸಾದವೇ ಅಪವಿತ್ರಗೊಂಡಿತು. ಆ ದಿನಗಳನ್ನು ಮರೆತವರು ಯಾರು? ಆದ್ದರಿಂದ ಎಚ್ಚರವಿರಲಿ. ಆದರೆ ಅಂದು ನಾವು ಬೀದಿಗಿಳಿದು ಕೇಳಿದ್ದೇನು? ನಾವೂ ಈ ನಾಡಿನ ಮಕ್ಕಳು, ನಮಗೂ ಸಮಾನ ಗೌರವ ಬೇಕು ಎಂದಲ್ಲವೇ? ಆ ನ್ಯಾಯವನ್ನು ಲೋಕದಿಂದ ಕೇಳಿ, ನಮ್ಮೊಳಗೆ ನಿರಾಕರಿಸಿದರೆ ನಮ್ಮ ಮಾತಿಗೆ ಬಲವೆಲ್ಲಿಂದ ಬಂದೀತು? ಮನೆ ಸಿಗದ ಗೃಹಸ್ಥರಿಗಾಗಿ ನಾನು ಕಣ್ಣೀರು ಸುರಿಸಬಹುದು. ಆದರೆ ಅವರ ಪರವಾಗಿ ಮಾತನಾಡುವ ಅಧಿಕಾರವನ್ನು ಆ ಪಾಲನಾ ಸಮಿತಿಯ ಸಭೆಯಲ್ಲಿಯೇ ಕಳೆದುಕೊಂಡೆ.

“ಜನ ಒಪ್ಪುವುದಿಲ್ಲ ಫಾದರ್” ಎಂಬುದು ಮೂರನೆಯ ಆಕ್ಷೇಪ. ಇದನ್ನು ಮಾತ್ರ ನಾನು ನಂಬುವುದಿಲ್ಲ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಹೋಗಿ ನಿಲ್ಲಿರಿ. ಕಾವಿ ಉಡುಗೆ ತೊಟ್ಟು ಹರಕೆ ಹೊತ್ತು ಬರುವವರಲ್ಲಿ ಯಾರು ಯಾವ ಮತ, ಯಾವ ಭಾಷೆ ಎಂದು ಯಾರು ಕೇಳುತ್ತಾರೆ? ಗುರುವಾರಗಳಂದು ವಿವೇಕನಗರದ ಬಾಲಯೇಸುವಿನ ಮುಂದೆ ಕೂಸನ್ನೆತ್ತಿಕೊಂಡು ನಿಂತ ತಾಯಂದಿರ ಸಾಲಿನಲ್ಲಿ ಜಾತಿಪತ್ರ ತೋರಿಸಬೇಕೇ? ಬಂದವರನ್ನು ಯಾರವರೆಂದು ವಿಚಾರಿಸದೆ ನಮ್ಮವರೆಂದು ಬಗೆಯಬೇಕೆಂಬ ಮಾತನ್ನು ಹನ್ನೆರಡನೆಯ ಶತಮಾನದ ಬಸವಣ್ಣನವರಿಂದ ಶಾಲೆಯಲ್ಲಿಯೇ ಕಲಿತ ನಾಡು ಇದು. ನಮ್ಮ ಜನರ ಹೃದಯ ದೊಡ್ಡದು. ಹಬ್ಬದ ದಿನ ತೆರೆಯುವ ಆ ಹೃದಯವನ್ನು ಉಳಿದ ಭಾನುವಾರಗಳಲ್ಲಿ ಮುಚ್ಚಿಸುವವರು ಯಾರು? ಸಮಿತಿಗಳು, ಹುಂಡಿಯ ಲೆಕ್ಕ, ನಮ್ಮಂಥವರ ‘ಮುಂದಿನ ಸಭೆಯಲ್ಲಿ ನೋಡೋಣ’.

2023ರ ಆಗಸ್ಟ್‌ನಲ್ಲಿ ಲಿಸ್ಬನ್ ನಗರದಲ್ಲಿ ಸೇರಿದ್ದ ಯುವಜನರ ಮುಂದೆ ವಿಶ್ವಗುರು ಫ್ರಾನ್ಸಿಸ್‌ರವರು ಧರ್ಮಸಭೆಯಲ್ಲಿ ಸ್ಥಳವಿರುವುದು ಎಲ್ಲರಿಗೂ ಎಂದು ಹೇಳಿ, ‘ಎಲ್ಲರೂ’ ಎಂಬ ಪದವನ್ನು ಮೂರು ಮೂರು ಸಲ ಉಚ್ಚರಿಸಿದರು, ಯುವಕರಿಂದಲೂ ಹೇಳಿಸಿದರು. 2025ರ ಏಪ್ರಿಲ್ 21ರಂದು ಅವರು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೋರವರು ಮೇಲ್ಮಾಳಿಗೆಯಿಂದ ಆಡಿದ ಮೊದಲ ಮಾತುಗಳಲ್ಲಿಯೇ, ಸೇತುವೆ ಕಟ್ಟುವ, ತೋಳು ಚಾಚಿ ಬರಮಾಡಿಕೊಳ್ಳುವ ಧರ್ಮಸಭೆಯನ್ನು ಬಯಸಿದರು. ರೋಮಿನಿಂದ ಬರುವ ಮಾತು ಚಿಕ್ಕಲಸಂದ್ರದ ಅಡ್ಡರಸ್ತೆಗೆ ತಲಪುವುದು ಹೇಗೆ? ನಿಮ್ಮ ಮೂಲಕ, ನನ್ನ ಮೂಲಕ. ಬೇರೆ ದಾರಿಯಿಲ್ಲ.

ಆದ್ದರಿಂದ ನಾನು ನಿಮ್ಮಲ್ಲಿ ದೊಡ್ಡದೇನನ್ನೂ ಬೇಡುವುದಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದ ಕೂಡಲೇ ವಾಹನ ನಿಲ್ಲಿಸಿದ ಕಡೆಗೆ ಧಾವಿಸಬೇಡಿರಿ. ಹಿಂದಿನ ಬೆಂಚಿನ ಬಳಿ ಒಂದು ನಿಮಿಷ ನಿಂತು, ನಿಮಗೆ ಗೊತ್ತಿಲ್ಲದ ಒಬ್ಬರ ಹೆಸರು ಕೇಳಿರಿ. ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬರುವ ಮಗಳು ಕ್ರೈಸ್ತಳಾಗಿದ್ದರೆ ಭಾನುವಾರ ಬೆಳಿಗ್ಗೆ ಆಕೆಗೆ ಬಿಡುವು ಕೊಡಿರಿ. ಆಕೆ ಬಂದಾಗ ನಿಮ್ಮ ಬೆಂಚಿನಲ್ಲಿಯೇ ಕುಳ್ಳಿರಿಸಿಕೊಳ್ಳಿರಿ. ಗಾಲಿಕುರ್ಚಿಯವರು ಮೆಟ್ಟಿಲಿನ ಕೆಳಗೇ ಉಳಿಯುವಂತಿದ್ದರೆ, ಹಬ್ಬದ ದೀಪಾಲಂಕಾರಕ್ಕೆ ಮುಂಚೆ ಇಳಿಜಾರು ಕಟ್ಟಿಸಿರೆಂದು ಸಮಿತಿಯಲ್ಲಿ ಹೇಳಿರಿ. ಪವಿತ್ರ ಗುರುವಾರದಂದು ಯಾರ ಪಾದಗಳನ್ನು ತೊಳೆಯಲು ಗುರುಗಳು ಆರಿಸುತ್ತಾರೆಂದು ಗಮನಿಸಿರಿ. ಅದರಲ್ಲಿ ಸ್ತ್ರೀಯರೂ ಇರಬಹುದೆಂದು 2016ರಿಂದಲೇ ಧರ್ಮಸಭೆ ವಿಧಿಸಿದೆ. ಪ್ರತಿ ವರ್ಷವೂ ಅದೇ ಹನ್ನೆರಡು ಗಣ್ಯರಿದ್ದರೆ ‘ಯಾಕೆ ಫಾದರ್?’ ಎಂದು ಕೇಳುವ ಹಕ್ಕು ನಿಮಗಿದೆ. ಗುರುಗಳು ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದರೆ, ದಯವಿಟ್ಟು ಆ ಮುಂದಿನ ಸಭೆಯಲ್ಲಿ ನೆನಪಿಸಿರಿ.

ನನಗೆ ಯಾರೂ ನೆನಪಿಸಲಿಲ್ಲ. ಆ ಬೇಡಿಕೆಯ ಕಾಗದ ನನ್ನ ಮೇಜಿನ ಕಡತದಲ್ಲಿಯೇ ಉಳಿಯಿತು. ಮಳೆಗಾಲ ಕಳೆದು ಕ್ರಿಸ್ಮಸ್ ಹತ್ತಿರವಾದಾಗ, ಆ ಕಾಗದವನ್ನು ತಂದುಕೊಟ್ಟಿದ್ದ ಮಗಳು ಹಿಂದಿನ ಬೆಂಚಿನಲ್ಲಿ ಕಾಣದೆ ಬಹಳ ವಾರಗಳಾಗಿವೆ ಎಂಬುದು ನನಗೆ ಹೊಳೆಯಿತು. ಒಂದು ಸಂಜೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಎದುರಾದಳು. ನಮಸ್ಕರಿಸಿದಳು. ಯಾಕಮ್ಮ ಬರುತ್ತಿಲ್ಲ ಎಂದು ಕೇಳಿದೆ. ಸ್ನೇಹಿತೆಯೊಬ್ಬಳ ಜೊತೆ ಬೇರೊಂದು ಪ್ರಾರ್ಥನಾಕೂಟಕ್ಕೆ ಹೋಗುತ್ತಿರುವುದಾಗಿ ತಾನು ಕಲಿತಷ್ಟು ಕನ್ನಡದಲ್ಲಿ ಹೇಳಿದಳು. ನಾನು ಪಂಥಗಳ ವ್ಯತ್ಯಾಸವನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಮುಂದುವರಿಸಿದಳು: “ಅಲ್ಲಿ ನನ್ನ ಹೆಸರು ಕೇಳಿದ್ರು ಫಾದರ್.”

ಆ ಮಗಳಿಗೆ ಎರಡು ವರ್ಷ ನನ್ನ ಕೈಯಾರೆ ಪರಮ ಪ್ರಸಾದ ಕೊಟ್ಟಿದ್ದೆ. ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ. ಅಂದು ಆ ನಿಲ್ದಾಣದಲ್ಲಿ ಕೇಳಿದೆ. ಹೇಳಿದಳು. ಅಷ್ಟರಲ್ಲಿ ಆಕೆಯ ಬಸ್ಸು ಬಂತು.